ಹದಿಮೂರು ಗಂಟೆ ಇಲ್ಲದ ಪಟ್ಟಿ

ಬಾಗಿಲು ಮುಚ್ಚಿಕೊಳ್ಳುವ ಮೊದಲೇ ರೇವಣಸಿದ್ದಯ್ಯ ತಮ್ಮ ಬಲಗಾಲನ್ನು ಹೊಸ್ತಿಲೊಳಗೆ ಇಟ್ಟುಬಿಟ್ಟರು.

"ಕ್ಲಾಸ್ ಇದೆ ಸರ್. ಇನ್ನೊಂದು ದಿನ ಬನ್ನಿ."

"ಭಾನುವಾರ ರಜ ಅಂತ ಕೆಳಗೆ ಬೋರ್ಡ್ ಹಾಕಿದೀಯಲ್ಲಪ್ಪ."

ಅಂಜನ್‌ಕುಮಾರ್ ಬಾಗಿಲು ಬಿಟ್ಟ. ಮೂವತ್ತೈದರ ಆಸುಪಾಸಿನ ಮನುಷ್ಯ. ಎರಡು ದಿನದ ಗಡ್ಡ. ಎದುರಿಗೆ ನಿಂತವರು ಈಗ ಯೂನಿಫಾರಂನಲ್ಲಿ ಇರಲಿಲ್ಲ, ಹಣೆಯಲ್ಲಿ ವಿಭೂತಿ, ಹೆಗಲಿಗೊಂದು ಬಟ್ಟೆ ಚೀಲ. ಆದರೂ ಇನ್ಸ್‌ಪೆಕ್ಟರ್ ರೇವಣಸಿದ್ದಯ್ಯನವರ ಗುರುತು ಅವನಿಗೆ ಕೂಡಲೇ ಹತ್ತಿತು.

ಕುಣಿಗಲ್ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಹನ್ನೆರಡು ಕಂಪ್ಯೂಟರುಗಳು ಧೂಳು ಬೀಳದಂತೆ ಹಳೇ ಸೀರೆಯ ತುಂಡು ಹೊದ್ದು ಕೂತಿದ್ದವು. ರೇವಣಸಿದ್ದಯ್ಯ ಕುರ್ಚಿ ಎಳೆದುಕೊಂಡು, ಚೀಲದಿಂದ ಎರಡು ಹಾಳೆ ತೆಗೆದು ಮೇಜಿನ ಮೇಲೆ ಪಕ್ಕಪಕ್ಕಕ್ಕೆ ಇಟ್ಟರು.

"ಇವೆರಡೂ ನೀನು ಬರೆದ ಪ್ರೋಗ್ರಾಮಿಂದ ಬಂದಿರೋದು. ಹೌದೋ ಅಲ್ವೋ, ಅಷ್ಟು ಹೇಳು."

ಅಂಜನ್‌ಕುಮಾರ್ ಹಾಳೆಗಳನ್ನು ಮುಟ್ಟಲಿಲ್ಲ. ನಿಂತಲ್ಲಿಂದಲೇ ನೋಡಿದ.

"ಹೌದು," ಎಂದ. ಎಂದು ಕೂತುಬಿಟ್ಟ.

ಮೊದಲನೆಯ ಹಾಳೆ ತಿಪ್ಪಯ್ಯ ಎಂಬ ಕಾವಲುಗಾರನನ್ನು ಮೂರು ವರ್ಷದಿಂದ ಜೈಲಿನಲ್ಲಿಟ್ಟಿತ್ತು. ಎರಡನೆಯದು ರೇವಣಸಿದ್ದಯ್ಯನವರ ಕೈಸೇರಿ ಬರೀ ನಾಲ್ಕು ದಿನವಾಗಿತ್ತು.

*

ಬುಧವಾರ ಬೆಳಗ್ಗೆ ಗುಬ್ಬಿಯ ಅವರ ಮನೆ ಗೇಟಿನ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಪತ್ನಿ ಸರ್ವಮಂಗಳಮ್ಮ ಒಳಗೆ ಕರೆದು ಕೂರಲು ಹೇಳಿದರು. ಹುಡುಗಿ ಕೂರಲಿಲ್ಲ. ನೀರು ತಂದುಕೊಟ್ಟರು. ಲೋಟ ತೆಗೆದುಕೊಂಡು ಕಟ್ಟೆಯ ಮೇಲೆ ಹಾಗೇ ಇಟ್ಟಳು.

"ನಾನು ಮೋನಿಕಾ ಸಾರ್. ವಾಚ್‌ಮನ್ ತಿಪ್ಪಯ್ಯನ ಮಗಳು."

ರೇವಣಸಿದ್ದಯ್ಯ ಪೇಪರು ಮಡಚಿಟ್ಟರು. ನಿವೃತ್ತಿಯಾಗಿ ಒಂದೂವರೆ ವರ್ಷವಾಗಿತ್ತು. ಹೀಗೆ ಯಾರಾದರೂ ಬಂದು ನಿಲ್ಲಬಹುದೆಂದು ಅವರು ಎಂದೂ ಅಂದುಕೊಂಡಿರಲಿಲ್ಲ.

"ಬರೋ ಗುರುವಾರ ಅಪ್ಪನ ಕೇಸ್ ತೀರ್ಪು. ನಿಮ್ಮನ್ನ ಬೈಯಕ್ಕೆ ಬಂದಿಲ್ಲ. ಇದೊಂದು ಓದಿ ಹೇಳಿ."

ಅವಳು ಕೊಟ್ಟದ್ದು ಒಂದು ಹಾಜರಾತಿ ಪಟ್ಟಿ. ಅಂತರಸನಹಳ್ಳಿಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಅವಳಿಗೆ ಶಶಿಕಲಾ ಎಂಬಾಕೆಯ ಪರಿಚಯವಾಗಿತ್ತು. ತಿಪ್ಪಯ್ಯ ಕಾವಲಿದ್ದ ಅದೇ ವಾಲ್ವ್ ಫ್ಯಾಕ್ಟರಿಯಲ್ಲಿ ಶಶಿಕಲಾ ಹಿಂದೆ ಎರಡನೇ ಪಾಳಿ ಮಾಡುತ್ತಿದ್ದವಳು. ಮೂರು ವರ್ಷದ ಹಿಂದೆ ಕೆಲಸ ಬಿಟ್ಟಾಗ ಸರ್ವಿಸ್ ಲೆಟರಿನ ಜೊತೆ ಕೊಟ್ಟ ಪಟ್ಟಿಯನ್ನು ತೋರಿಸಿ ನಕ್ಕಿದ್ದಳಂತೆ: ಮಧ್ಯಾಹ್ನದ ಪಾಳಿಯವಳನ್ನ ರಾತ್ರಿ ಒಂದು ಐವತ್ತೆರಡಕ್ಕೆ ಬಂದಳು ಅಂತ ಬರೆದವ್ರೆ ನೋಡೇ.

ಮೋನಿಕಾ ನಕ್ಕಿರಲಿಲ್ಲ.

"ಇದರಲ್ಲಿ ಮಧ್ಯಾಹ್ನ ಅನ್ನೋದೇ ಇಲ್ಲ ಸಾರ್. ಇಡೀ ತಿಂಗಳು ನೋಡಿ. ಹದಿಮೂರು ಇಲ್ಲ, ಹದಿನಾಲ್ಕು ಇಲ್ಲ. ಮೇಲೆ ಮಾತ್ರ ಇಪ್ಪತ್ನಾಲ್ಕು ಗಂಟೆ ಸಮಯ ಅಂತ ಹೆಡ್ಡಿಂಗ್ ಹಾಕವ್ರೆ. ಹಂಗಿದ್ರೆ ಅಪ್ಪನ ಕೇಸಿನ ಏಳು ನಲವತ್ತೆರಡು... ಅದು ಬೆಳಗ್ಗೆನಾ, ಸಂಜೆನಾ?"

ಪಟ್ಟಿ ಹಿಡಿದಿದ್ದ ಕೈಯನ್ನು ರೇವಣಸಿದ್ದಯ್ಯ ಮೆಲ್ಲಗೆ ತೊಡೆಯ ಮೇಲೆ ಇಳಿಸಿದರು.

ಆ ಭಾನುವಾರ ಅವರಿಗೆ ಚೆನ್ನಾಗಿ ನೆನಪಿತ್ತು. ಫ್ಯಾಕ್ಟರಿಗೆ ರಜ. ಬೆಳಗ್ಗೆ ಆರರಿಂದ ಕಾವಲಿಗೆ ತಿಪ್ಪಯ್ಯ ಒಬ್ಬನೇ. ರಾತ್ರಿ ಎಂಟೂವರೆಗೆ ಠಾಣೆಗೆ ಫೋನ್ ಮಾಡಿದವನೂ ಅವನೇ. ಸ್ಟೋರ್ ಇನ್‌ಚಾರ್ಜ್ ಗುರುಪ್ರಕಾಶ್ ಸ್ಟೋರಿನ ಕಬ್ಬಿಣದ ರ‍್ಯಾಕುಗಳ ನಡುವೆ ತಲೆ ಒಡೆದು ಸತ್ತುಬಿದ್ದಿದ್ದ.

ಗುರುಪ್ರಕಾಶನ ಹೆಂಡತಿ ಮಾಲಿನಿ, ಗಂಡ ಬೆಳಗ್ಗೆ ಏಳಕ್ಕೇ ಫ್ಯಾಕ್ಟರಿಗೆಂದು ಹೊರಟರು ಎಂದಿದ್ದರು. ಗೇಟಿನ ಪಟ್ಟಿಯಲ್ಲಿ ಅವನ ಕಾರ್ಡ್ ಉಜ್ಜಿದ ಸಮಯ 07:42. ಮಧ್ಯಾಹ್ನದ ಮೇಲೆ ಒಂದು ನರಪಿಳ್ಳೆಯೂ ಒಳಗೆ ಬಂದಿಲ್ಲವೆಂದು ಪಟ್ಟಿ ಹೇಳುತ್ತಿತ್ತು. ಅದು ಇಪ್ಪತ್ನಾಲ್ಕು ಗಂಟೆಯ ಸಮಯವೆಂದು ಮ್ಯಾನೇಜರ್ ಕಿರಣ್‌ಕುಮಾರ್ ಹೇಳಿಕೆ ಕೊಟ್ಟು ಸಹಿ ಹಾಕಿದ್ದ.

ತಿಪ್ಪಯ್ಯ ಬೇರೆಯೇ ಹೇಳಿದ್ದ.

"ಬೆಳಗ್ಗೆ ಅವ್ರು ಬರ್ಲೇ ಇಲ್ಲ ಸಾ. ಸಂಜೆ ನಾನು ಹಿಂದ್ಗಡೆ ಪಂಪ್‌ಹೌಸ್ ತಾವ ಇದ್ದಾಗ ಗೇಟು ಕುಯ್ ಅಂತು. ಬಂದು ನೋಡಿದ್ರೆ ಯಾರೂ ಇರ್ನಿಲ್ಲ."

ರೇವಣಸಿದ್ದಯ್ಯ ಪಟ್ಟಿಯನ್ನು ಸುರುಳಿ ಸುತ್ತಿ ಅವನ ಎದೆಗೆ ತಿವಿದಿದ್ದರು. "ಯಂತ್ರ ಸುಳ್ಳು ಹೇಳುತ್ತೇನೋ? ಏಳು ನಲವತ್ತೆರಡಕ್ಕೆ ಬಂದವನನ್ನ ನೋಡೇ ಇಲ್ಲ ಅಂತೀಯಲ್ಲ!" ಆ ಒಂದು ಸುಳ್ಳಿನ ಮೇಲೆಯೇ ಇಡೀ ಚಾರ್ಜ್‌ಶೀಟ್ ನಿಂತಿತ್ತು.

"ಅಮ್ಮ ಹೋದ ಆಷಾಢದಲ್ಲಿ ತೀರ್ಕೊಂಡ್ಳು ಸಾರ್," ಮೋನಿಕಾ ಹೇಳಿದ್ದಳು. "ನಮ್ಮೂರು ಹಾಗಲವಾಡಿಗೆ ಅಪ್ಪನ್ನ ಎರಡು ಗಂಟೆ ಬಿಟ್ಟಿದ್ರು. ಮಣ್ಣು ಹಾಕುವಾಗ ಒಂದು ಕೈ ಪೊಲೀಸ್ನೋರ ಕೈಗೆ ಸೇರಿಸಿ ಬೇಡಿ ಹಾಕಿತ್ತು. ಇನ್ನೊಂದು ಕೈಲೇ ಹಾಕ್ದ."

ಸರ್ವಮಂಗಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟರು. ಆ ದಿನ ಗಂಡನಿಗೆ ಊಟ ಬಡಿಸಿದರಾದರೂ ಒಂದು ಮಾತೂ ಆಡಲಿಲ್ಲ.

*

"ಹೆಂಗಾಯ್ತು ಇದು?" ರೇವಣಸಿದ್ದಯ್ಯ ಕೇಳಿದರು. "ನಂಗೆ ಅರ್ಥ ಆಗೋ ಥರ ಹೇಳು. ನಾನು ಟೈಪ್‌ರೈಟರ್ ಕಾಲದವನು."

ಅಂಜನ್‌ಕುಮಾರ್ ಒಂದು ಸೀಮೆಸುಣ್ಣದ ತುಂಡು ತೆಗೆದುಕೊಂಡು ಬೋರ್ಡಿನ ಹತ್ತಿರ ಹೋದ. ಮೇಷ್ಟ್ರ ಅಭ್ಯಾಸ. ಆಮೇಲೆ ನಾಚಿಕೆಯಾದವನಂತೆ ಅದನ್ನು ಅಲ್ಲೇ ಇಟ್ಟು ವಾಪಸು ಬಂದ.

"ಯಂತ್ರದೊಳಗೆ ಗಂಟೆ ನಿಮಿಷ ಇರಲ್ಲ ಸರ್. ಬರೀ ಒಂದು ದೊಡ್ಡ ನಂಬರ್ ಇರುತ್ತೆ. ಯಾವತ್ತೋ ಶುರುವಾದ ಸೆಕೆಂಡುಗಳನ್ನ ಎಣಿಸ್ತಾನೇ ಇರುತ್ತೆ. ಜನಕ್ಕೆ ಅದನ್ನ ಓದಕ್ಕಾಗಲ್ವಲ್ಲ. ತಾರೀಖು, ಗಂಟೆ, ನಿಮಿಷ ಅಂತ ಅಕ್ಷರಕ್ಕೆ ತಿರುಗಿಸೋ ಒಂದು ಸಾಲು ಬರೀಬೇಕು. ಆ ಸಾಲು ಬರೆದೋನು ನಾನು."

"ಅದರಲ್ಲೇನು ತಪ್ಪು?"

"ಗಂಟೆಗೆ ಇಂಗ್ಲಿಷ್ ಎಚ್ ಅಕ್ಷರ ಹಾಕ್ತೀವಿ, ಎರಡು ಸಲ. ದೊಡ್ಡ ಎಚ್ ಹಾಕಿದ್ರೆ ಇಪ್ಪತ್ನಾಲ್ಕು ಗಂಟೆ ಥರ ಬರುತ್ತೆ. ಸಂಜೆ ಏಳಕ್ಕೆ ಹತ್ತೊಂಬತ್ತು. ಸಣ್ಣ ಎಚ್ ಹಾಕಿದ್ರೆ ಹನ್ನೆರಡಾದ್ಮೇಲೆ ಮತ್ತೆ ಒಂದು, ಎರಡು. ಸಂಜೆ ಏಳಕ್ಕೂ ಏಳೇ." ಅವನು ಹಾಳೆಯ ಮೇಲಿನ 07:42ರ ಕೆಳಗೆ ಬೆರಳಿಟ್ಟ. "ನಾನು ಸಣ್ಣದು ಹಾಕಿದ್ದೆ."

"ಒಂದು ಅಕ್ಷರ."

"ಹೂಂ ಸರ್. ಅದೇ ಅಕ್ಷರ. ಸಣ್ಣದು."

"ತಿಪ್ಪಯ್ಯ ಆರಕ್ಕೆ ಬಂದ ಸಾಲು, ತಿಂಡಿಗೆ ಹೋಗಿ ಒಂಬತ್ತಕ್ಕೆ ವಾಪಸು ಬಂದ ಸಾಲು, ಅವೆರಡರ ಮಧ್ಯ ಸಂಜೆದು ಹೋಗಿ ಕೂತಿದ್ದು ಹೇಗೆ? ಕೊನೇಲಿ ಇದ್ದಿದ್ರೆ ನಮಗೆ ಅನುಮಾನನಾದ್ರೂ ಬರ್ತಿತ್ತು."

"ಅಕ್ಷರ ಮಾಡಿದ ಮೇಲೆ ಜೋಡಿಸಿದೀನಿ. ಅಕ್ಷರಕ್ಕೆ ಬೆಳಗ್ಗೆ ಯಾವುದು, ಸಂಜೆ ಯಾವುದು ಗೊತ್ತಾಗಲ್ಲ. ಸೊನ್ನೆ ಏಳು ಅಂತ ಇದ್ದಿದ್ದೆಲ್ಲಾ ಒಂದು ಕಡೆ ಸೇರ್ಕೊಳುತ್ತೆ."

ಕೆಳಗೆ ಯಾವುದೋ ಬಸ್ಸಿನ ಕಂಡಕ್ಟರ್ ಹುಲಿಯೂರುದುರ್ಗ, ಹುಲಿಯೂರುದುರ್ಗ ಎಂದು ಕೂಗುತ್ತಿದ್ದ. ರೇವಣಸಿದ್ದಯ್ಯ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರು.

"ನಿಂಗೆ ಯಾವಾಗ ಗೊತ್ತಾಯ್ತು?"

"ಅರೆಸ್ಟ್ ಆಗಿ ಹನ್ನೊಂದು ದಿನಕ್ಕೆ. ಕಿರಣ್‌ಕುಮಾರ್ ಫೋನ್ ಮಾಡಿದ್ರು. ಎರಡನೇ ಪಾಳಿ ಟೈಮ್ ತಪ್ಪು ಬರ್ತಿದೆ, ಸರಿ ಮಾಡು, ಹಳೇದನ್ನ ಕೆದಕಬೇಡ ಅಂದ್ರು. ಹೋಗಿ ಸರಿ ಮಾಡ್ದೆ. ಮಾಡ್ತಾ ಮಾಡ್ತಾನೇ ಹೊಳೀತು ಸರ್."

"ಅವತ್ತೇ ಯಾಕೆ ಬಂದು ಹೇಳ್ಲಿಲ್ಲ?"

ಅಂಜನ್‌ಕುಮಾರ್ ತಲೆ ಬಗ್ಗಿಸಿದ.

"ಒಬ್ಬ ಮನುಷ್ಯ ಒಳಗೆ ಕೊಳೀತಿದಾನೆ ಅಂತ ಗೊತ್ತಿತ್ತಲ್ಲೋ!" ರೇವಣಸಿದ್ದಯ್ಯನವರ ದನಿ ಏರಿತು. ಏರಿದ್ದು ತಮಗೇ ಕೇಳಿಸಿ ತಟ್ಟನೆ ನಿಲ್ಲಿಸಿದರು. ಇದೇ ದನಿಯಲ್ಲಿ ಅವರು ತಿಪ್ಪಯ್ಯನನ್ನು ಮೂರು ದಿನ ಕೇಳಿದ್ದರು. ಆಗಲೂ ಎದುರಿಗಿದ್ದವನು ಹೀಗೆಯೇ ತಲೆ ಬಗ್ಗಿಸಿಕೊಂಡಿದ್ದ.

"ತುಮಕೂರಿನ ಅಂಗಡಿ ಮುಚ್ಚಿಬಿಟ್ಟೆ ಸರ್," ಅಂಜನ್‌ಕುಮಾರ್ ಮೆಲ್ಲಗೆ ಹೇಳಿದ. "ಇಲ್ಲಿ ಪಾಠ ಹೇಳ್ಕೊಂಡಿದೀನಿ. ಪ್ರತಿ ಬ್ಯಾಚಿಗೂ ಮೊದಲನೇ ವಾರನೇ ಆ ಎರಡು ಎಚ್ ಬಗ್ಗೆ ಹೇಳ್ತೀನಿ. ಯಾಕೆ ಸರ್ ಇಷ್ಟು ಸಣ್ಣದಕ್ಕೆ ಇಷ್ಟು ಹೊತ್ತು ಅಂತ ಕೇಳ್ತಾರೆ."

"ಹುಡುಗರಿಗೆ ಹೇಳಿದ್ದನ್ನ ನನಗೊಂದು ಸಲ ಹೇಳಿದ್ರೆ ಆಗ್ತಿತ್ತು."

"ಆದ್ರೂ ಸರ್..." ಅವನು ತಲೆಯೆತ್ತಿದ. ಮೂರು ವರ್ಷ ತನಗೆ ತಾನೇ ಹೇಳಿಕೊಂಡ ಮಾತೆಂದು ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. "ಗುರುಪ್ರಕಾಶ್ ಸಂಜೆ ಬಂದಿದ್ರೂ ಆಗಲೂ ಒಳಗಿದ್ದಿದ್ದು ತಿಪ್ಪಯ್ಯ ಒಬ್ರೇ ಅಲ್ವಾ? ಟೈಮ್ ಬದಲಾದ್ರೆ ಏನು ಬದಲಾಗುತ್ತೆ?"

ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್, ಎರಡು ಬಸ್ಸು ಹತ್ತಿ ಇಳಿಯುವವರೆಗೂ ರೇವಣಸಿದ್ದಯ್ಯ ಇದೇ ಮಾತಿಗೆ ಜೋತುಬಿದ್ದಿದ್ದರು. ತಾವು ತೀರಾ ತಪ್ಪು ಮಾಡಿಲ್ಲ, ಗಂಟೆ ಮಾತ್ರ ಹೆಚ್ಚುಕಮ್ಮಿ ಆಗಿರಬಹುದು, ಕೊಂದವನು ಅವನೇ ಇರಬಹುದು. ಅದೇ ಮಾತನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಅದೆಷ್ಟು ಬಡಕಲಾಗಿ ಕಂಡಿತೆಂದರೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

"ಆ ನಂಬರು... ಯಂತ್ರದೊಳಗಿನ ನಂಬರು, ಅದು ಇದೆಯಾ ಇನ್ನೂ?"

"ಇದೆ ಸರ್. ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ."

ಸ್ಟೀಲ್ ಬೀರುವಿನ ಕೆಳಗಿನ ಖಾನೆಯಿಂದ ಟವೆಲಿನಲ್ಲಿ ಸುತ್ತಿದ್ದ ಹಾರ್ಡ್ ಡಿಸ್ಕ್ ಬಂತು. ಕಂಪ್ಯೂಟರಿಗೆ ಜೋಡಿಸಿ ಅವನು ಹುಡುಕುತ್ತಾ ಹೋದ. ಪರದೆಯ ಮೇಲೆ ಸಾಲುಸಾಲು ಅಂಕಿಗಳು. ಒಂದು ಸಾಲಿನ ಮೇಲೆ ಬೆರಳಿಟ್ಟ.

"ಇದು ಗುರುಪ್ರಕಾಶ್ ಕಾರ್ಡು. ಆ ಭಾನುವಾರ ಒಂದೇ ಸಲ ಉಜ್ಜಿರೋದು."

1676211137.

ಅವನು ಏನೋ ಒತ್ತಿದ. ಅಂಕಿಯ ಪಕ್ಕದಲ್ಲಿ ಅಕ್ಷರ ಮೂಡಿತು. 12 ಫೆಬ್ರವರಿ 2023, 19:42:17.

ಸಂಜೆ. ತಿಪ್ಪಯ್ಯ ಹೇಳಿದ್ದ ಸಂಜೆ.

ರೇವಣಸಿದ್ದಯ್ಯ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ ಮೇಲೂ ತುಂಬ ಹೊತ್ತು ಹಾಕಿಕೊಳ್ಳಲಿಲ್ಲ.

*

ಮೋನಿಕಾ ಮೊದಲನೇ ರಿಂಗಿಗೇ ಫೋನ್ ಎತ್ತಿದಳು.

"ಚಾರ್ಜ್‌ಶೀಟ್ ಕಾಪಿ ಮನೇಲಿದೆಯೇನಮ್ಮಾ?"

"ಇದೆ ಸಾರ್."

"ಅದರಲ್ಲಿ ಪೋಸ್ಟ್‌ಮಾರ್ಟಂ ರಿಪೋರ್ಟ್ ಇರುತ್ತೆ. ಕೊನೇ ಪುಟ. ಸಾವು ಎಷ್ಟು ಹೊತ್ತಿಗೆ ಆಗಿರಬಹುದು ಅಂತ ಡಾಕ್ಟ್ರು ಬರೆದವ್ರೆ, ಓದು."

ಹಾಳೆ ಮಗುಚುವ ಸದ್ದು. ಆ ರಿಪೋರ್ಟನ್ನು ಅವರು ಮೂರು ವರ್ಷದ ಹಿಂದೆ ಓದಿದ್ದರು. ಗುರುಪ್ರಕಾಶ್ ಬೆಳಗಿನಿಂದ ಒಳಗೇ ಇದ್ದನೆಂದು ನಂಬಿದ್ದವರಿಗೆ ಅದರಲ್ಲಿ ಎಡವುವಂಥದ್ದೇನೂ ಕಂಡಿರಲಿಲ್ಲ. ಸರಿಯಾಗಿದೆ ಎಂದು ಪುಟ ತಿರುಗಿಸಿದ್ದರು.

"ಸಂಜೆ ನಾಲ್ಕರಿಂದ ಆರು ಗಂಟೆ ಒಳಗೆ ಅಂತ ಇದೆ ಸಾರ್."

ಅಂಜನ್‌ಕುಮಾರ್ ಪರದೆಯನ್ನೂ ಫೋನನ್ನೂ ನೋಡಿದ.

"ಸಾರ್?" ಮೋನಿಕಾಳ ದನಿ ಸಣ್ಣಗಾಗಿತ್ತು. "ಆರು ಗಂಟೆಗೆ ಸತ್ತೋದೋರು ಏಳು ನಲವತ್ತೆರಡಕ್ಕೆ ಹೆಂಗೆ ಬಂದ್ರು?"

"ಅವನು ಬರ್ಲಿಲ್ಲಮ್ಮಾ. ತಂದ್ರು." ರೇವಣಸಿದ್ದಯ್ಯ ಎದ್ದು ಕಿಟಕಿಯ ಹತ್ತಿರ ಹೋದರು. "ಬೇರೆಲ್ಲೋ ಕೊಂದು, ಅವನ ಕಾರ್ಡಿಂದಲೇ ಗೇಟ್ ತೆಗೆದು, ಒಳಗೆ ತಂದು ಹಾಕಿ ಹೋದ್ರು. ಒಳಗಿಂದ ಹೊರಗೆ ಹೋಗಕ್ಕೆ ಕಾರ್ಡ್ ಬೇಕಿರ್ಲಿಲ್ಲ, ಗುಂಡಿ ಒತ್ತಿದ್ರೆ ಸಾಕಿತ್ತು. ನಿಮ್ಮಪ್ಪ ಕೇಳಿಸ್ಕೊಂಡಿದ್ದು ಅದೇ ಗೇಟಿನ ಸದ್ದು."

ಆ ಕಡೆ ಅಳುವ ಸದ್ದು ಕೇಳಬಹುದೆಂದು ಅವರು ಕಾದರು. ಅಳಲಿಲ್ಲ.

"ಇದನ್ನ ಗುರುವಾರದೊಳಗೆ ಕೋರ್ಟಿಗೆ ಹೇಳ್ತೀರಾ? ನಾನು ತಪ್ಪು ಮಾಡ್ದೆ ಅಂತ?"

"ಹೇಳ್ತೀನಿ."

"ಅಮ್ಮ ಬದುಕಿದ್ದಾಗ ಹೇಳ್ಬೇಕಿತ್ತು ಸಾರ್," ಎಂದು ಅವಳು ಫೋನಿಟ್ಟಳು.

ರೇವಣಸಿದ್ದಯ್ಯ ಅಲ್ಲೇ ನಿಂತಿದ್ದರು. ಕೆಳಗಿನ ಅಂಗಡಿಯವನು ಗೊಬ್ಬರದ ಮೂಟೆಗಳನ್ನು ಗಾಡಿಗೆ ಏರಿಸುತ್ತಿದ್ದ. ಅದನ್ನೇ ನೋಡುತ್ತಿದ್ದರೂ ಏನೂ ಕಾಣುತ್ತಿರಲಿಲ್ಲ.

ಹಿಂದಿನಿಂದ ಅಂಜನ್‌ಕುಮಾರ್ ಕರೆದ. "ಸರ್. ಇದೊಂದು ನೋಡಿ."

ಅವನು ಅದೇ ಕಾರ್ಡಿನ ಹಿಂದುಮುಂದಿನ ಸಾಲುಗಳನ್ನು ತೆಗೆದಿದ್ದ. 19:42ರ ಕೆಳಗೆ ಇನ್ನೊಂದು ಸಾಲಿತ್ತು. ಅದು ಗೇಟಿನದಲ್ಲ, ಆಫೀಸಿನ ಸಿಸ್ಟಮ್ಮಿನದು. ಕಾರ್ಡ್ ರದ್ದು. 20:06.

"ರದ್ದು ಅಂದ್ರೆ?"

"ಕೆಲಸ ಬಿಟ್ಟೋರದು, ತೀರ್ಕೊಂಡೋರದು ರದ್ದು ಮಾಡ್ತಾರೆ. ಆಮೇಲೆ ಆ ಕಾರ್ಡಿನ ಹಳೇ ಓಡಾಟ ಯಾರ ಸ್ಕ್ರೀನಲ್ಲೂ ಕಾಣಲ್ಲ. ಗೇಟಿನ ಪಟ್ಟಿ ಪ್ರಿಂಟ್ ತೆಗೆದ್ರೆ ಮಾತ್ರ ಬರುತ್ತೆ, ಅದು ರದ್ದು ಮಾಡಿದೋರಿಗೆ ಗೊತ್ತಿರ್ಲಿಲ್ಲ ಅನ್ಸುತ್ತೆ."

"ತಿಪ್ಪಯ್ಯ ಹೆಣ ನೋಡಿದ್ದೇ ಎಂಟೂವರೆಗೆ. ಎಂಟು ಆರಕ್ಕೇ ಅವನು ಸತ್ತಿದಾನೆ ಅಂತ ಯಾರಿಗೆ ಗೊತ್ತಿತ್ತು? ಯಾರು ರದ್ದು ಮಾಡಿದ್ದು?"

ಅಂಜನ್‌ಕುಮಾರ್ ಪಕ್ಕಕ್ಕೆ ಸರಿದ. ಸಾಲಿನ ತುದಿಯಲ್ಲಿ ರದ್ದು ಮಾಡಿದವರ ಹೆಸರಿತ್ತು.

ಅಂಜನ್‌ಕುಮಾರ್.

ಮೂರು ವರ್ಷದ ಹಿಂದಿನ ರೇವಣಸಿದ್ದಯ್ಯನಾಗಿದ್ದರೆ ಈ ಹೊತ್ತಿಗೆ ಇವನ ಕೊರಳಪಟ್ಟಿ ಅವರ ಕೈಲಿರುತ್ತಿತ್ತು. ಯಂತ್ರ ಹೆಸರು ಹೇಳಿದೆ, ಇನ್ನೇನು ಬೇಕು? ಅವರ ಕೈ ಮೇಲೆದ್ದೂ ಇತ್ತು. ಅದನ್ನು ಕೆಳಗಿಳಿಸಿ, ಕುರ್ಚಿಯನ್ನು ಅವನ ಎದುರಿಗೇ ಎಳೆದುಕೊಂಡು ಕೂತರು.

"ಹೇಳಪ್ಪ," ಎಂದರು. "ಈ ಸಲ ಪೂರ್ತಿ ಕೇಳ್ತೀನಿ."

ಅವನು ಕೈ ಮುಗಿದ. "ನಾನು ಮಾಡಿಲ್ಲ ಸರ್. ನನ್ನ ಪಾಸ್‌ವರ್ಡ್ ಇದ್ರೆ ಯಾರು ಎಲ್ಲಿಂದ ಬೇಕಾದ್ರೂ ಮಾಡ್ಬಹುದಿತ್ತು. ಅವತ್ತು ಸಂಜೆ ಎಂಟಕ್ಕೆ ಸ್ವಲ್ಪ ಮುಂಚೆ ಒಂದು ಫೋನ್ ಬಂತು. ಗೇಟ್ ಸಿಸ್ಟಮ್ ಅರ್ಜೆಂಟ್ ಚೆಕ್ ಮಾಡ್ಬೇಕು, ಪಾಸ್‌ವರ್ಡ್ ಹೇಳು ಅಂದ್ರು. ನಿಮ್ಮ ಠಾಣೆ ಲ್ಯಾಂಡ್‌ಲೈನ್ ನಂಬರು. ನಾನು ಹೇಳಿಬಿಟ್ಟೆ."

"ಯಾರು ಮಾತಾಡಿದ್ದು?"

"ಇನ್ಸ್‌ಪೆಕ್ಟರ್ ರೇವಣಸಿದ್ದಯ್ಯ ಅಂದ್ರು ಸರ್."

ರೇವಣಸಿದ್ದಯ್ಯ ಪರದೆಯ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದರು.

"ಅವತ್ತು ಯಾಕೆ ಬಂದು ಹೇಳ್ಲಿಲ್ಲ ಅಂತ ಕೇಳಿದ್ರಲ್ಲ, ನಾನು ಬಂದಿದ್ದೆ. ತಪ್ಪು ಗೊತ್ತಾದ ಮಾರನೇ ದಿನವೇ ಬಂದಿದ್ದೆ. ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆ. ನೀವು ಯಾವುದೋ ಬಂದೋಬಸ್ತಿಗೆ ಹೊರಟಿದ್ರಿ. ಜೀಪ್ ಹತ್ತೋ ಮುಂಚೆ ನನ್ನ ನೋಡಿ, ನಾಳೆ ಬಾರಯ್ಯ ಅಂದ್ರಿ. ಅಷ್ಟೇ ಮಾತು. ಆದ್ರೆ ಫೋನಿನಲ್ಲಿ ಕೇಳಿದ ದನಿ ಅದಲ್ಲ ಅಂತ ಗೊತ್ತಾಯ್ತು. ನೀವು ಹೋದ್ಮೇಲೆ ಇನ್ನೊಬ್ರು ನನ್ನ ಕರೆದ್ರು. ಏನು ವಿಷಯ, ನನ್ನ ಹತ್ರ ಹೇಳು ಅಂದ್ರು. ಆ ದನಿ... ಅದೇ ದನಿ ಸರ್. ಎದ್ದು ಓಡಿಬಂದುಬಿಟ್ಟೆ."

"ಎಲ್ಲಿ ಕೂತಿದ್ದ ಅವನು?"

"ನಿಮ್ಮ ರೂಮಿನ ಬಾಗಿಲ ಪಕ್ಕ. ದಪ್ಪ ರಿಜಿಸ್ಟರುಗಳಿದ್ದ ಟೇಬಲ್ಲು."

ಅದು ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಗೋವಿಂದರಾಜುವಿನ ಟೇಬಲ್. ಹದಿನಾಲ್ಕು ವರ್ಷ ರೇವಣಸಿದ್ದಯ್ಯನವರ ಜೊತೆ ಕೆಲಸ ಮಾಡಿದವನು. ತಿಪ್ಪಯ್ಯನ ಹೇಳಿಕೆಯನ್ನು ಬರೆದುಕೊಂಡವನು. ನಿವೃತ್ತಿಯ ದಿನ ಹಾರ ಹಾಕಿ ಕಣ್ಣೀರಿಟ್ಟವನು.

ನಿನ್ನೆ ಬೆಳಗ್ಗೆ ಫೋನ್ ಮಾಡಿ, ಅಂಜನ್‌ಕುಮಾರ್ ಈಗ ಎಲ್ಲಿದ್ದಾನೆಂದು ಪತ್ತೆ ಮಾಡಿಕೊಡಲು ರೇವಣಸಿದ್ದಯ್ಯ ಕೇಳಿದ್ದು ಅವನನ್ನೇ. ಕುಣಿಗಲ್‌ನ ಈ ವಿಳಾಸ ಕೊಟ್ಟವನು ಅವನೇ. ಯಾಕೆ ಸಾರ್ ಬೇಕಿತ್ತು ಎಂದು ಅವನು ಕೇಳಿದಾಗ, ಮೋನಿಕಾ ಮನೆಗೆ ಬಂದದ್ದನ್ನೂ, ಅವಳು ತೋರಿಸಿದ ಪಟ್ಟಿಯನ್ನೂ, ಅವಳು ಒಬ್ಬಳೇ ಇರುವ ಹಾಗಲವಾಡಿಯ ಮನೆಯನ್ನೂ ಒಂದೂ ಬಿಡದೆ ಹೇಳಿದ್ದರು.

ಅವರು ಮತ್ತೆ ಮೋನಿಕಾಳ ನಂಬರ್ ಒತ್ತಿದರು. ಈ ಸಲ ರಿಂಗ್ ಆಗುತ್ತಲೇ ಇತ್ತು.